ಹಗ್ಗ ಬಿಚ್ಚುವ ಹೊಣೆ

2018ರ ಆಗಸ್ಟಿನ ನೆರೆಯಲ್ಲಿ ಕೇರಳದ ಎಷ್ಟೋ ಹಟ್ಟಿಗಳಲ್ಲಿ ದನಗಳು ಕಟ್ಟಿದಲ್ಲೇ ಸತ್ತವು. ಈಜಬಲ್ಲ ಪ್ರಾಣಿಯನ್ನು ಕೊಂದದ್ದು ನೀರೋ, ಹಗ್ಗವೋ? ಪ್ರಾಣಭಯದಿಂದ ಓಡಿದವರನ್ನು ನಾನು ದೂರಲಾರೆ. ಮಗುವನ್ನೆತ್ತಿಕೊಂಡ ಕೈಗೆ ಹಗ್ಗ ನೆನಪಾಗದು. ಆದರೂ ಕಟ್ಟಿಹಾಕಿದ ದಿನವೇ ಬಿಚ್ಚುವ ಹೊಣೆಯೂ ನಮ್ಮ ಮೇಲೆ ಬಿತ್ತೆಂದು ನನಗೆ ತೋರುತ್ತದೆ. ಕಾಡುಪ್ರಾಣಿಗೆ ನಾವು ಆ ಸಾಲಗಾರರಲ್ಲ.

ಬದುಕಿ ಸಿಕ್ಕಿದವುಗಳ ಬವಣೆ ಬೇರೆ. ದಿನಗಟ್ಟಲೆ ಕೆಸರುನೀರಿನಲ್ಲಿ ನಿಂತ ದನದ ಗೊರಸು ಕೊಳೆಯುತ್ತದೆ. ಶ್ವಾಸಕೋಶಕ್ಕೆ ನೀರು ಹೋದ ನಾಯಿಗೆ ನ್ಯುಮೋನಿಯ ಹಿಡಿಯಬಹುದು. ಬಹುದಿನ ಉಪವಾಸವಿದ್ದ ನಾಯಿಗೆ ಕನಿಕರದಿಂದ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಅದು ಸಾಯಲೂಬಹುದು, ಸ್ವಲ್ಪಸ್ವಲ್ಪವಾಗಿಯೇ ಕೊಡಬೇಕು. ಇನ್ನು ಇಲಿಜ್ವರ. ಸೋಂಕಿದ ಪ್ರಾಣಿಯ ಮೂತ್ರ ಬೆರೆತ ನೀರಿನಿಂದ ಹರಡುವ ಅದಕ್ಕೆ ನಾಯಿ, ದನ, ಮನುಷ್ಯ ಎಂಬ ಭೇದವಿಲ್ಲ. ಆ ವರ್ಷ ನೆರೆ ಇಳಿದ ಮೇಲೆ ಕೇರಳದಲ್ಲಿ ಹಬ್ಬಿಯೂ ಹಬ್ಬಿತು. ‘ಮನುಷ್ಯರಿಗೇ ಔಷಧಿ ಸಾಲದಿರುವಾಗ ಪ್ರಾಣಿಗಳಿಗೇಕೆ?’ ಎನ್ನುವವರು ಇದನ್ನೂ ಯೋಚಿಸಲಿ.

ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ವೇಳೆ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ಮನೆಯಲ್ಲೇ ಉಳಿದವರಿದ್ದರು. ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಮರುವರ್ಷ ಅಲ್ಲಿ ಕಾನೂನಾಯಿತು. ನಮ್ಮಲ್ಲಿ ಪರಿಹಾರ ಶಿಬಿರವೆಂದರೆ ಹೆಚ್ಚಾಗಿ ಶಾಲೆ. ಅದರ ಅಂಗಳದ ಒಂದು ಮೂಲೆ ನಾಯಿ, ಆಡುಗಳಿಗೂ ಇರಲೆಂದು ಮಳೆಗಾಲಕ್ಕೆ ಮುಂಚೆಯೇ ಪಂಚಾಯತಿನಲ್ಲಿ ಕೇಳಬಹುದಲ್ಲ? ಅರ್ಜಿ ಕನ್ನಡದಲ್ಲಿದ್ದರೂ ಸರಿ, ಮಲಯಾಳದಲ್ಲಿದ್ದರೂ ಸರಿ.