ದೇವರು ಒಳ್ಳೆಯವನೇ?

ದೇವರು ಒಳ್ಳೆಯವನೆಂಬುದು ಭಕ್ತರ ನಿತ್ಯದ ಮಾತು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ‘ಯೂಥಿಫ್ರೋ’ ಸಂವಾದದಲ್ಲಿ ಎತ್ತಿದ ಪ್ರಶ್ನೆಯಾದರೋ ಈ ಮಾತನ್ನೇ ಒರೆಗೆ ಹಚ್ಚುತ್ತದೆ: ಪುಣ್ಯವಾದುದನ್ನು ಪುಣ್ಯವೆಂದೇ ದೇವರು ಮೆಚ್ಚುವನೋ, ಅವನು ಮೆಚ್ಚಿದ್ದರಿಂದಲೇ ಅದು ಪುಣ್ಯವೋ?

ಅವನ ಇಚ್ಛೆಯೇ ಒಳಿತೆಂದು ಒಪ್ಪೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಕುಲವನ್ನೆಣಿಸದೆ ಮಕ್ಕಳ ವಿವಾಹ ನೆರವೇರಿಸಿದ್ದಕ್ಕಾಗಿ ಹರಳಯ್ಯ-ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಶಿವನಾಜ್ಞೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆನ್ನುವವರು ಆ ಕ್ರೌರ್ಯವನ್ನೂ ಒಳಿತೆನ್ನಬಲ್ಲರೇ? ಶರಣಹೃದಯ ಹಾಗೆನ್ನಲಾರದು. ಅಂದಮೇಲೆ ಒಳಿತಿನ ಅಳತೆಗೋಲು ಬರಿಯ ಆಜ್ಞೆಯಲ್ಲಿಲ್ಲ.

ಹಾಗಾದರೆ ಒಳಿತು ದೇವರಿಗಿಂತ ಮಿಗಿಲಾಯಿತೇ? ದೇವರನ್ನು ಹೊರಗೆ ಕುಳಿತು ಆಳುವ ಅರಸನೆಂದು ಬಗೆದವರಿಗೆ ಮಾತ್ರ ಈ ತೊಡಕು. ಶರಣಧರ್ಮದಲ್ಲಿ ಅಂಗೈಯ ಇಷ್ಟಲಿಂಗವು ಒಳಗಿನ ಅರಿವಿನ ಕುರುಹು. ಎಳೆಹೂಟೆಯನ್ನು ಅನ್ಯಾಯವೆಂದು ಮಿಡಿಯುವ ಅಂತಃಸಾಕ್ಷಿಯೂ ಆ ಚೈತನ್ಯದ್ದೇ.

ಆದರೂ ಶಿವನು ಅದನ್ನೇಕೆ ತಡೆಯಲಿಲ್ಲವೆಂಬ ಪ್ರಶ್ನೆ ಉಳಿದೇ ಇದೆ. ಅದು ಅವರವರ ಕರ್ಮಫಲವೆಂದು ಸುಲಭವಾಗಿ ಉತ್ತರಿಸುವುದು ನೊಂದವರಿಗೆ ಮಾಡುವ ಮತ್ತೊಂದು ಅನ್ಯಾಯ. ಉತ್ತರ ದೊರೆಯದಿದ್ದರೂ ಹೊಣೆ ತಪ್ಪದು. ದೇವರು ಒಳ್ಳೆಯವನೆಂದು ನುಡಿದವನು ಆ ನುಡಿಯ ಸಾಲವನ್ನು ಹೊತ್ತವನು. ಅದನ್ನು ಕಾಯಕ ದಾಸೋಹಗಳಲ್ಲಿ, ನೊಂದವರ ಪಕ್ಕದಲ್ಲಿ ನಿಂತು ತೀರಿಸಬೇಕು. ತೀರಿಸದಿದ್ದರೆ ಅದು ಬರಿಯ ಸ್ತುತಿಯಾಗಿ ಉಳಿಯುತ್ತದೆ.