ಬೆನ್ನೆಲುಬಿನ ಕ್ಷಯ ಮತ್ತು ಕರ್ಮದ ಮಾತು

ಬೆನ್ನೆಲುಬಿನ ಕ್ಷಯ ಕರ್ಮದ ಫಲವೇ, ಕ್ರಿಮಿಯ ಕೆಲಸವೇ? ಗೂನುಬೆನ್ನಿಗೆ ಹಿಂದಿನ ಜನ್ಮದ ಪಾಪವನ್ನು ಗಂಟುಹಾಕುವ ರೂಢಿ ಹಳೆಯದು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆ ಆ ಗಂಟು ಬಿಚ್ಚಿಹೋಗಬೇಕಿತ್ತು.

ರೋಗಾಣು ರಕ್ತದ ಮೂಲಕ ಬಂದು ಬೆನ್ನುಮೂಳೆಯ ಮಣಿಗಳನ್ನು ತಿನ್ನುತ್ತದೆ; ಅವು ಕುಸಿದರೆ ಬೆನ್ನು ಗೂನಾಗುತ್ತದೆ. ಬಗ್ಗಿದರೆ ನೋವು; ಹಾಗಾಗಿ ನೆಲಕ್ಕೆ ಬಿದ್ದ ನಾಣ್ಯ ಎತ್ತಲು ರೋಗಿ ಬಗ್ಗುವುದಿಲ್ಲ. ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು, ಮೊಣಕಾಲು ಮಡಚಿ ಕೂತು ಎತ್ತಿಕೊಳ್ಳುತ್ತಾನೆ.

ಬಹುಪಾಲು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ಸಾಮಾನ್ಯವಾಗಿ ಒಟ್ಟು 12 ತಿಂಗಳು. ಜೊತೆಗೆ ವಿಶ್ರಾಂತಿ, ಬೆನ್ನುಪಟ್ಟಿ. ಕಾಲಿನ ಬಲ ಕುಗ್ಗುತ್ತಲೇ ಹೋದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನು ಕುಸಿಯುವಂತಿದ್ದರೆ ಮಾತ್ರ ಕತ್ತಿ. ವಾರಾಣಸಿಯ ಡಾ. ಎಸ್.ಎಂ. ತುಳಿ 1975ರಲ್ಲಿ, ಮೊದಲು ಔಷಧಿ, ಅಗತ್ಯ ಬಿದ್ದರಷ್ಟೇ ಶಸ್ತ್ರಚಿಕಿತ್ಸೆ ಎನ್ನುವ ಕ್ರಮದ ಫಲಿತಾಂಶ ಪ್ರಕಟಿಸಿ ಅದನ್ನು 'ಮಧ್ಯಮ ಮಾರ್ಗ' ಎಂದರು. ಅದೇ ಮಧ್ಯಮ ಮಾರ್ಗದ ಮಾತನ್ನು ಹೇಳುತ್ತ ಬುದ್ಧ ಮೊದಲ ಉಪದೇಶ ಕೊಟ್ಟ ಸಾರನಾಥ ಅಲ್ಲಿಗೆ ಹತ್ತಿರವೇ ಇದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ಇನ್ನೊಂದು ತೊಡಕಿದೆ: ಕಾಯಕ. ಬಸವಣ್ಣನ ನೆಲದಲ್ಲಿ ದುಡಿಯದೆ ಮಲಗಿದವನಿಗೆ ಮಲಗಿದ್ದೇ ತಪ್ಪೆನಿಸಬಹುದು. ನೋವು ತಗ್ಗಿದ ಮೂರನೇ ತಿಂಗಳಿಗೇ ಗುಳಿಗೆ ಬಿಟ್ಟು ತೊಗರಿ ಚೀಲ ಹೊರುವ ಆತುರವೂ ಹುಟ್ಟಬಹುದು. ಆದರೆ ದೇಹವನ್ನೇ ದೇಗುಲವೆಂದ ಶರಣರ ನೋಟದಲ್ಲಿ ಕುಸಿದ ಕಂಬವನ್ನು ನಿಲ್ಲಿಸುವುದೂ ಕಾಯಕವೇ. ಕರ್ಮದ ಲೆಕ್ಕ ಹಾಕುತ್ತ ಕೂತರೆ ಕಳೆಯುವುದು ಕಾಲಿನ ಬಲ.

ಕ್ಷಯದ ಗುಳಿಗೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.