ಒಡನೆ ದುಡಿಯುವವನಿಗೆ ಕಲಿಸುವ ಋಣ

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂಬ ಮಾತು ಕನ್ನಡನಾಡಿನ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸದೊಡನೆಯೇ ದೊರೆಯುವುದು. ವ್ಯಾಕರಣವನ್ನೋ ತರ್ಕವನ್ನೋ ಪಾಠ ಹೇಳುವ ಪಂಡಿತನ ವಿಷಯದಲ್ಲಿ ಅದು ದಿಟವೂ ಹೌದು. ಶಿಷ್ಯನು ಬಲ್ಲವನಾದರೆ ಗುರುವಿನ ಕೀರ್ತಿ ಬೆಳೆಯುವುದಲ್ಲದೆ ಅವನ ಮನೆಯ ಅಕ್ಕಿಯೇನೂ ಕಡಮೆಯಾಗದು. ಆದರೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಯಂತ್ರದ ಸದ್ದನ್ನು ಕೇಳಿದೊಡನೆ ಅದರ ರೋಗವನ್ನು ಹೇಳಬಲ್ಲ ಕೆಲಸಗಾರನ ಸ್ಥಿತಿ ಬೇರೆ. ಅವನ ತಿಳಿವಳಿಕೆಗೆ ಬೆಲೆ ಬಂದಿರುವುದು ಅದು ಮಿಕ್ಕವರಲ್ಲಿ ಇಲ್ಲದಿರುವುದರಿಂದಲೇ. ಪಕ್ಕದಲ್ಲಿ ನಿಂತ ಹೊಸಬನಿಗೆ ಅದನ್ನು ಹೇಳಿಕೊಟ್ಟ ದಿನ, ಅಷ್ಟರಮಟ್ಟಿಗೆ ಅವನ ಆವಶ್ಯಕತೆ ಕುಗ್ಗುವುದು. ಹೀಗಿರಲು ಅವನು ಹೇಳಿಕೊಡಲೇಬೇಕೆ? ಮುಚ್ಚಿಟ್ಟರೆ ಅದು ಅಧರ್ಮವೆ? ಕಲಿಸುವುದು ಋಣವೆಂದಾದರೆ, ಆ ಋಣ ಸಲ್ಲತಕ್ಕದ್ದು ಯಾರಿಗೆ?

ಮುಚ್ಚಿಡುವುದು ಹೊಸ ಚಾಳಿಯಲ್ಲ. ವೆನಿಸ್ ಗಣರಾಜ್ಯವು 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಸಾಗಿಸಿತು. ಊರಿಗೆ ಬೆಂಕಿಯ ಭಯವಿತ್ತೆಂಬುದು ಒಂದು ಕಾರಣ. ಆದರೆ ಗಾಜಿನ ಕುಶಲಿಗಳು ರಾಜ್ಯವನ್ನು ಬಿಟ್ಟು ಹೋಗಕೂಡದೆಂದು ಮುಂದೆ ಕಟ್ಟಳೆ ವಿಧಿಸಿದುದು ಗುಟ್ಟು ಹೊರಬೀಳದಿರಲೆಂದೇ. ಈ ನಾಡಿನಲ್ಲಿಯೂ, ಬೇರಿನ ಹೆಸರನ್ನು ಹೇಳಿದರೆ ಮದ್ದಿನ ಗುಣ ಕೆಡುವುದೆಂದು ನಂಬಿ, ಮಗನಿಗೂ ತಿಳಿಸದೆ ತೀರಿಹೋದ ನಾಟಿವೈದ್ಯರ ಸಂಗತಿಯನ್ನು ಕೇಳದ ಹಳ್ಳಿ ಅಪರೂಪ. ಅಂಥವರನ್ನು ಲೋಭಿಗಳೆಂದು ಜರೆಯುವುದು ಸುಲಭ. ಮುಪ್ಪಿಗೆ ಆಸರೆಯಿಲ್ಲದವನಿಗೆ ಗುಟ್ಟೇ ಪಿಂಚಣಿಯಾಗಿತ್ತೆಂಬುದನ್ನು ಜರೆಯುವವರು ಮರೆಯುವರು.

ಈ ಗುಟ್ಟಿನ ಗೋಡೆಯನ್ನು ಒಡೆಯಲು ಬಹು ದೊಡ್ಡ ಪ್ರಮಾಣದಲ್ಲಿ ನಡೆದ ಪ್ರಯತ್ನವೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳದು. 1940ರಲ್ಲಿ, ಆ ದೇಶವು ಎರಡನೆಯ ಮಹಾಯುದ್ಧಕ್ಕೆ ಇಳಿಯುವ ಮುನ್ನವೇ, ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ನುರಿತ ಕೈಗಳ ಅಭಾವ ತಲೆದೋರಿತು. ಶಾಲೆಗಳಲ್ಲಿ ಕಲಿಸಿ ಕಳುಹಿಸುವಷ್ಟು ವ್ಯವಧಾನವಿರಲಿಲ್ಲ. ಆಗ ಸರ್ಕಾರವು ‘ಟ್ರೈನಿಂಗ್ ವಿಥಿನ್ ಇಂಡಸ್ಟ್ರಿ’ ಎಂಬ ಏರ್ಪಾಟನ್ನು ಮಾಡಿ, ಕಾರ್ಖಾನೆಯೊಳಗಿನ ಮೇಸ್ತ್ರಿಗಳಿಗೂ ಅನುಭವಿಗಳಿಗೂ ಕಲಿಸುವ ಬಗೆಯನ್ನೇ ಕಲಿಸತೊಡಗಿತು. ಹತ್ತು ಜನರ ಗುಂಪು, 2 ಗಂಟೆಗಳ 5 ಕೂಟಗಳು, ಪಾಠ ಅಷ್ಟೇ. 1945ರಲ್ಲಿ ಏರ್ಪಾಟು ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಮಿಕ್ಕ ಜನ ಅದರ ಪಾಠಗಳನ್ನು ಪೂರೈಸಿದ್ದರು. ಪಾಠದ ಕ್ರಮದಲ್ಲಿ ಇದ್ದ ನಾಲ್ಕು ಹಂತಗಳಿಗೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವವರಿಗಾಗಿ ಚಾರ್ಲ್ಸ್ ಅಲೆನ್ ಎಂಬವರು ರೂಪಿಸಿದ್ದ ವಿಧಾನವೇ ಮೂಲ. ಕಲಿಯುವವನ ಅಂಜಿಕೆಯನ್ನು ಕಳೆಯುವುದು, ಮಾಡುತ್ತ ಹೇಳುವುದು, ಅವನಿಂದ ಮಾಡಿಸಿ ಅವನ ಬಾಯಿಂದಲೇ ಹೇಳಿಸುವುದು, ಕೊನೆಗೆ ಅವನನ್ನು ಅವನಷ್ಟಕ್ಕೆ ಬಿಟ್ಟು ಆಗಾಗ ಬಂದು ನೋಡುವುದು.

ಆ ಪಾಠದಲ್ಲಿ ಒಂದು ಪ್ರಯೋಗವಿತ್ತು. ಬೋಧಕನು ಗುಂಪಿನಲ್ಲಿ ಒಬ್ಬನನ್ನು ಕರೆದು, ವಿದ್ಯುದ್ದೀಪದ ತಂತಿಗೆ ಹಾಕುವ ಒಂದು ಬಗೆಯ ಗಂಟನ್ನು ಬರಿಯ ಬಾಯಿಮಾತಿನಿಂದ ವಿವರಿಸಿ, ಹಾಕೆನ್ನುವನು, ಅವನಿಂದ ಆಗದು. ಮಾತಿಲ್ಲದೆ ಬರಿದೆ ಮಾಡಿ ತೋರಿಸುವನು, ಆಗಲೂ ಆಗದು. ತರುವಾಯ ಮೇಲಿನ ಕ್ರಮದಲ್ಲಿ ಕಲಿಸಿದಾಗ ಗಂಟು ಬೀಳುವುದು. ಕಲಿಯದವನು ದಡ್ಡನೆಂಬ ನೆವ ಅಲ್ಲಿಗೆ ಮುಗಿಯಿತು. ಅವನು ಕಲಿಯದಿದ್ದರೆ ಕಲಿಸಿದವನೇ ಕಲಿಸಿಲ್ಲವೆಂಬುದು ಆ ಏರ್ಪಾಟಿನವರ ತತ್ತ್ವ. ಯುದ್ಧಾನಂತರ ಜಪಾನಿಗೆ ಹೋದ ಈ ಪಾಠವನ್ನು 1950ರ ದಶಕದಲ್ಲಿ ಟೊಯೋಟಾ ಸಂಸ್ಥೆಯವರು ತಮ್ಮದಾಗಿಸಿಕೊಂಡರು.

ಈ ಪದ್ಧತಿಯಲ್ಲಿ ಪ್ರಸ್ತುತ ಪ್ರಶ್ನೆಗೆ ಬೆಳಕು ಕೊಡುವ ಅಂಶವೊಂದುಂಟು. ಕೆಲಸವನ್ನು ತುಂಡುತುಂಡಾಗಿ ಬಿಡಿಸಿ, ತುಂಡುತುಂಡಿನ ಮರ್ಮವನ್ನೂ ಬರೆದುಕೊಳ್ಳಬೇಕೆಂಬುದು ಅವರ ನಿಯಮ. ಮರ್ಮವೆಂದರೆ ಮೂರರಲ್ಲಿ ಒಂದು: ಕೆಲಸ ಕೆಡುವುದೋ ಉಳಿಯುವುದೋ ಯಾವುದರಿಂದ ಎಂಬುದು, ಮಾಡುವವನಿಗೆ ಗಾಯವಾಗುವುದು ಎಲ್ಲಿ ಎಂಬುದು, ಕೆಲಸವನ್ನು ಹಗುರಗೊಳಿಸುವ ಕೈಚಳಕ. ಕಾಗದದ ಮೇಲೆ ಮೂರಾದರೂ ಕೈಯಲ್ಲಿ ಇವು ಬೇರೆಬೇರೆಯಾಗಿಲ್ಲ. ತನ್ನ ಚಳಕವನ್ನು ಮುಚ್ಚಿಟ್ಟವನು ಅನೇಕ ವೇಳೆ ಅಪಾಯವನ್ನೂ ಅದರೊಡನೆ ಮುಚ್ಚಿಟ್ಟಂತಾಗುವುದು. ಅದರ ಬೆಲೆ ತೆರುವವನು ಯಜಮಾನನಲ್ಲ. ಯಜಮಾನನಿಗೆ ನಷ್ಟವಾದರೆ ಲೆಕ್ಕದಲ್ಲಿ ಒಂದು ಸಾಲು, ಹೊಸಬನಿಗಾದರೆ ಒಂದು ಬೆರಳು. ಆದುದರಿಂದ ಋಣವುಂಟೆಂಬುದು ನಿಶ್ಚಯ. ಅದು ಪಕ್ಕದಲ್ಲಿ ನಿಂತವನಿಗೆ ಸಲ್ಲತಕ್ಕದ್ದು; ಹಿಂದೆ ಯಾರೋ ತನ್ನ ಕೈ ಹಿಡಿದು ತೋರಿಸಿದ್ದುದರಿಂದ ಹುಟ್ಟಿದ್ದು. ತಾನೇ ಹುಟ್ಟಿಸಿಕೊಂಡ ಕಸಬು ಲೋಕದಲ್ಲಿ ಎಷ್ಟು ಜನಕ್ಕುಂಟು?

ಆದರೆ ಯುದ್ಧಕಾಲದ ಆ ಔದಾರ್ಯಕ್ಕೆ ಒಂದು ಆಧಾರವಿತ್ತೆಂಬುದನ್ನು ಬಿಡಲಾಗದು. ಕೆಲಸ ರಾಶಿಬಿದ್ದಿತ್ತು, ಕೈಗಳು ಸಾಲದಾಗಿದ್ದವು. ಕಲಿಸಿದವನ ಅನ್ನ ಹೋಗುವ ಭಯ ಸಣ್ಣದು. ಆ ಆಧಾರ ತಪ್ಪಿದಾಗ ಏನಾಗುವುದೆಂಬುದು 2014-15ರಲ್ಲಿ ಅದೇ ದೇಶದ ಫ್ಲಾರಿಡಾ ಪ್ರಾಂತ್ಯದಲ್ಲಿ ಕಂಡಿತು. ಹೆಸರಾಂತ ವಿನೋದಸಂಸ್ಥೆಯೊಂದು ತನ್ನ ಕಂಪ್ಯೂಟರ್ ವಿಭಾಗದ ಸುಮಾರು 250 ಮಂದಿಗೆ, ಅವರ ಕೆಲಸ ಮುಗಿಯಿತೆಂದು ತಿಳಿಸಿತು. ಅವರಲ್ಲಿ ಅನೇಕರು ಹೊರಡುವ ಮುನ್ನ ತಮ್ಮ ಸ್ಥಾನಕ್ಕೆ ಬರುವವರಿಗೆ ತಾವೇ ಕೆಲಸ ಕಲಿಸಬೇಕಾಯಿತು. ಕಲಿಯಲು ಕುಳಿತವರಲ್ಲಿ ಹಲವರು ಭಾರತದಿಂದ ಹೋದವರೆಂದು ಪತ್ರಿಕೆಗಳು ವರದಿಮಾಡಿದವು. ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳ ಮಕ್ಕಳು ಅಂಥ ಉದ್ಯೋಗದಲ್ಲಿರುವುದರಿಂದ ಇದು ಪರರ ಕಥೆಯೆಂದು ಓದಿಬಿಡತಕ್ಕದ್ದಲ್ಲ. ಮಗನು ವಿದೇಶದಲ್ಲಿ ಕೆಲಸ ಕಲಿಯುತ್ತಿರುವನೆಂದು ತಾಯಿ ಸಂತೋಷದಿಂದ ಹೇಳುವಾಗ, ಕಲಿಸುತ್ತಿರುವವನ ಮನೆಯಲ್ಲಿ ಆ ಸಂಜೆ ಏನು ಮಾತಾಯಿತೆಂಬ ಯೋಚನೆ ಆಕೆಗೆ ಬರಬೇಕೆಂದೇನೂ ಇಲ್ಲ. ಮಗನಿಗೆ ಬಾರದಿದ್ದರೆ ಮಾತ್ರ ಅದು ಕೊರತೆ.

ಏಕಲವ್ಯನ ಕಥೆಯಲ್ಲಿ ಮನಸ್ಸನ್ನು ಇರಿಯುವುದು ಬೆರಳು ಹೋದುದೊಂದೇ ಅಲ್ಲ. ಕಲಿಸದ ಗುರು ದಕ್ಷಿಣೆ ಕೇಳಿದುದು. ಕೆಲಸಗಾರರು ತಮ್ಮತಮ್ಮಲ್ಲಿ ಕಲಿತು ಬೆಳೆಸಿಕೊಂಡ ಕೌಶಲವನ್ನು, ಅವರ ಅನ್ನವನ್ನು ಕಿತ್ತುಕೊಳ್ಳುವುದಕ್ಕಾಗಿಯೇ ಒಪ್ಪಿಸೆನ್ನುವ ಯಜಮಾನನು ಇದೇ ಬಗೆಯ ದಕ್ಷಿಣೆಯನ್ನು ಕೇಳುವವನು. ಅಂಥ ಕಡೆ ಕೈಚಳಕವನ್ನು ತನ್ನಲ್ಲಿಯೇ ಉಳಿಸಿಕೊಂಡವನನ್ನು ಕಳ್ಳನೆನ್ನುವುದು ನ್ಯಾಯವಲ್ಲ. ಭಾರತದಲ್ಲಿ 1961ರ ಅಪ್ರೆಂಟಿಸ್ ಕಾಯಿದೆಯು ಕಲಿಯುವವನಿಗೆ ಭತ್ಯ ಸಲ್ಲಬೇಕೆಂದು ವಿಧಿಸಿದೆ. ಕಲಿಸುವ ಸಹೋದ್ಯೋಗಿಯ ಪಾಲನ್ನು ಬರೆದಿಡುವ ಲೆಕ್ಕದ ಪುಸ್ತಕವಾದರೋ ಕಾಣುವುದು ವಿರಳ; ಅವನು ಕಲಿಸಿದ ಗಂಟೆಗಳು ಕೆಲಸ ನಿಂತ ಗಂಟೆಗಳೆಂದೇ ಎಣಿಕೆಯಾಗುವುದುಂಟು.

ಇಷ್ಟಾದರೂ ಮೂರು ಮರ್ಮಗಳಲ್ಲಿ ನಡುವಣದಕ್ಕೆ ಈ ವಿನಾಯಿತಿ ಸಲ್ಲದು. ಯಜಮಾನನು ಎಂಥವನೇ ಆಗಲಿ, ತನ್ನ ಸ್ಥಾನಕ್ಕೆ ಬಂದವನು ಯಾರೇ ಆಗಿರಲಿ, ಕಡೆಯ ದಿನ ಸಾಮಾನು ಕಟ್ಟಿಕೊಂಡು ಹೊರಟವನು ಬಾಗಿಲ ಬಳಿಯಿಂದ ಹಿಂದಿರುಗಿ ಬಂದು, ಆ ಯಂತ್ರದ ಎಡಗಡೆಯ ಪಟ್ಟಿ ಸಡಿಲವಾದಾಗ ಕೈಯಿಡಬೇಡವೆಂದು ಹೇಳಿಯೇ ಹೋಗಬೇಕಾಗುವುದು.